ಪದಗಳ ಎಣಿಕೆ: ಅನುವಾದದ ಬಿಲ್ಲು ಪಾವತಿಸುವ ಮುನ್ನ

ಉತ್ಪನ್ನದ ಕರಪತ್ರವನ್ನೋ ಯಂತ್ರದ ಕೈಪಿಡಿಯನ್ನೋ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಸುವ ಸದಸ್ಯರಿಗೆ, ಪದವೊಂದಕ್ಕೆ ಇಂತಿಷ್ಟು ಎಂಬ ದರದಲ್ಲಿ ಬಿಲ್ಲು ಬರುವುದುಂಟು. ತಕ್ಕಡಿಗೆ ಹಾಕದೆ ಮಾಲು ಕೊಳ್ಳದ ವರ್ತಕರೂ ಪದಗಳ ಸಂಖ್ಯೆಯನ್ನು ಮಾತ್ರ ಬಿಲ್ಲಿನಲ್ಲಿದ್ದಂತೆಯೇ ಒಪ್ಪಿಬಿಡುತ್ತಾರೆ. ಅದನ್ನು ಪರಿಶೀಲಿಸಲು ಒಂದು ಸಾಲಿನ ಸೂತ್ರ ಸಾಕು.

ಗಣಕಯಂತ್ರಕ್ಕೆ ಪದದ ಅರ್ಥ ತಿಳಿಯದು. ಪದಗಳ ನಡುವಿನ ತೆರಪು, ಅಂದರೆ ಸ್ಪೇಸ್, ಮಾತ್ರ ಕಾಣುತ್ತದೆ. 'ಶುದ್ಧ ಕಡಲೆಕಾಯಿ ಎಣ್ಣೆ' ಎಂಬಲ್ಲಿ ತೆರಪುಗಳು ಎರಡು, ಪದಗಳು ಮೂರು. ತೆರಪುಗಳನ್ನು ಎಣಿಸಿ ಒಂದನ್ನು ಕೂಡಿಸುವುದೇ ಮೂಲ ಲೆಕ್ಕ. ಆದರೆ ಬೆರಳಚ್ಚು ಮಾಡುವವರು ಕೈತಪ್ಪಿ ಒಂದೆಡೆ ಎರಡು ತೆರಪು ಒತ್ತಿದರೆ ಮೂರು ಪದ ನಾಲ್ಕಾಗುತ್ತದೆ. ಆದ್ದರಿಂದ ಎಕ್ಸೆಲ್‌ನ ಎ1 ಕೋಶದಲ್ಲಿ ಪಠ್ಯವಿದ್ದರೆ ಹೀಗೆ ಬರೆಯಬೇಕು (ಟೈಪಿಸುವಾಗ ಇಂಗ್ಲಿಷ್ ಅಕ್ಷರಗಳಲ್ಲಿ):

=ಲೆನ್(ಟ್ರಿಮ್(ಎ1))-ಲೆನ್(ಸಬ್‌ಸ್ಟಿಟ್ಯೂಟ್(ಎ1," ",""))+1

ಟ್ರಿಮ್ ಹೆಚ್ಚುವರಿ ತೆರಪನ್ನು ತೆಗೆಯುತ್ತದೆ. ಸಬ್‌ಸ್ಟಿಟ್ಯೂಟ್ ಎಲ್ಲ ತೆರಪುಗಳನ್ನೂ ಅಳಿಸುತ್ತದೆ. ಲೆನ್ ಎರಡರ ಉದ್ದವನ್ನು ಅಳೆಯುತ್ತದೆ. ದೋಷಗಳೂ ಇವೆ. ಖಾಲಿ ಕೋಶಕ್ಕೂ ಉತ್ತರ 1 ಎಂದೇ ಬರುತ್ತದೆ. ಕೋಶದೊಳಗೆ ಸಾಲು ಮುರಿದಿದ್ದರೆ, ಒಂದು ಸಾಲಿನ ಕೊನೆಯ ಪದವೂ ಮುಂದಿನ ಸಾಲಿನ ಮೊದಲ ಪದವೂ ಸೇರಿ ಒಂದಾಗುತ್ತವೆ. ಪೈಥಾನ್ ಬಲ್ಲವರು ಕಚೇರಿಯಲ್ಲಿದ್ದರೆ ಲೆನ್(ಪಠ್ಯ.ಸ್ಪ್ಲಿಟ್()) ಎಂಬ ಆದೇಶ ಈ ತೊಡಕುಗಳಿಲ್ಲದೆ ಎಣಿಸುತ್ತದೆ. ಸ್ಪ್ಲಿಟ್‌ನ ಆವರಣವನ್ನು ಬರಿದಾಗಿಯೇ ಬಿಡಬೇಕು. ಅಲ್ಲಿ ತೆರಪಿನ ಚಿಹ್ನೆ ಕೊಟ್ಟರೆ ಜೋಡಿ ತೆರಪಿನ ಹಳೆಯ ತಪ್ಪು ಮರಳುತ್ತದೆ.

ಸೂತ್ರ ಸರಿಯಿದ್ದೂ ತಕರಾರು ಏಳುವುದು ಬೇರೆಡೆ: ಎಣಿಸಬೇಕಾದದ್ದು ಯಾವ ಭಾಷೆಯ ಪಠ್ಯವನ್ನು? ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟುತ್ತವೆ. 'ಅಂಗಡಿಗಳಲ್ಲಿ' ಎಂಬ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಎರಡು ಮೂರು ಪದ ಬೇಕು. ಹೀಗಾಗಿ ಅನುವಾದದ ಪದಸಂಖ್ಯೆ ಸಾಮಾನ್ಯವಾಗಿ ಮೂಲಕ್ಕಿಂತ ಕಡಿಮೆ. ಇಂಗ್ಲಿಷ್ ಪದಗಳನ್ನು ಲೆಕ್ಕವಿಟ್ಟು ಒಪ್ಪಿದ ದರವನ್ನು ಕನ್ನಡದ ಪದಗಳಿಗೆ ಹಚ್ಚಿದರೆ ಅನುವಾದಕರಿಗೆ ನಷ್ಟ; ತಿರುಗುಮುರುಗಾದರೆ ನಮಗೆ. ಅಲ್ಲದೆ 'ಮಾರಾಟವಾಗುವುದಿಲ್ಲ' ಎಂದು ಕೂಡಿಸಿ ಬರೆದರೆ ಒಂದು ಪದ, 'ಮಾರಾಟ ಆಗುವುದಿಲ್ಲ' ಎಂದು ಬಿಡಿಸಿದರೆ ಎರಡು. ಎರಡೂ ಶುದ್ಧ ಕನ್ನಡವೇ ಆದ್ದರಿಂದ ಯಾರನ್ನೂ ದೂರುವಂತಿಲ್ಲ.

ಮೂಲ ಪಠ್ಯದ ಸಂಖ್ಯೆಯನ್ನಾದರೋ ಅನುವಾದದ ಶೈಲಿ ಬದಲಿಸಲಾರದು. ಕೆಲಸ ಒಪ್ಪಿಸುವ ಪತ್ರದಲ್ಲಿಯೇ 'ಮೂಲ ಇಂಗ್ಲಿಷ್ ಪಠ್ಯದ ಪದಗಳ ಮೇಲೆ' ಎಂದು ನಮೂದಿಸಿ, ಎಣಿಸಿದ ಸಂಖ್ಯೆಯನ್ನೂ ಎಣಿಸಿದ ವಿಧಾನವನ್ನೂ ಬರೆದು, ಇಬ್ಬರೂ ಸಹಿ ಹಾಕತಕ್ಕದ್ದು.