ಪಾಠಶಾಲೆಯಲ್ಲಿ ಮಕ್ಕಳಿಗಿರುವ ಹಕ್ಕು



ನಮ್ಮ ಗ್ರಾಮಗಳಲ್ಲಿ ತಂದೆತಾಯಿಗಳು ಮಗುವನ್ನು ಶಾಲೆಗೆ ಕರೆದುಕೊಂಡು ಹೋದಾಗ ಉಪಾಧ್ಯಾಯರ ಮುಂದೆ ಕೈಕಟ್ಟಿ ನಿಂತು, “ಅಯ್ಯನವರೇ, ದಯಮಾಡಿ ಇವನನ್ನು ಸೇರಿಸಿಕೊಳ್ಳಿರಿ, ತಪ್ಪಿದರೆ ಹೊಡೆದು ಬುದ್ಧಿ ಕಲಿಸಿರಿ” ಎಂದು ಬೇಡಿಕೊಳ್ಳುವದುಂಟು. ಗುರುಗಳನ್ನು ಗೌರವಿಸುವದು ಒಳ್ಳೇದೇ. ಆದರೆ ಈ ಮಾತಿನೊಳಗೆ ಎರಡು ತಪ್ಪೆಣಿಕೆಗಳು ಅಡಗಿವೆ. ಶಾಲೆಯಲ್ಲಿ ಸ್ಥಳ ದೊರೆಯುವದು ಒಬ್ಬರ ದಯೆಯಿಂದ ಎಂಬದು ಒಂದು. ಶಾಲೆಗೆ ಸೇರಿದ ಮೇಲೆ ಮಗುವಿನ ಮೈಯೂ ಮನಸ್ಸೂ ಶಾಲೆಯವರ ಸೊತ್ತು ಎಂಬದು ಇನ್ನೊಂದು. ಇವೆರಡೂ ಯಾಕೆ ಸರಿಯಲ್ಲವೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಶಾಲೆಯ ಬಾಗಲು

೧೮೫೬ನೇ ಇಸವಿಯ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರೀ ಶಾಲೆಗೆ ಸೇರಿಸಿಕೊಳ್ಳಲ್ಪಡದ ಒಬ್ಬ ಮಹಾರ ಹುಡುಗನ ಪರವಾಗಿ ಮುಂಬಯಿ ಸರಕಾರಕ್ಕೆ ಅರ್ಜಿ ಹೋಯಿತು. ಮುಟ್ಟಬಾರದೆಂದು ಜನರು ಎಣಿಸಿದ ಕುಲದಲ್ಲಿ ಹುಟ್ಟಿದ್ದೇ ಅವನ ಅಪರಾಧವಾಗಿತ್ತು. ಜುಲಾಯಿಯಲ್ಲಿ ಸರಕಾರವು ಕೊಟ್ಟ ಉತ್ತರವನ್ನು ಗಮನಿಸಿರಿ. ನ್ಯಾಯವು ಹುಡುಗನ ಕಡೆಗೇ ಇದೆಯೆಂದು ಅದು ಒಪ್ಪಿಕೊಂಡಿತು. ಆದರೂ ಒಬ್ಬನಿಗೋಸ್ಕರ ಬಹುಕಾಲದ ಜಾತಿಭಾವನೆಯನ್ನು ಎದುರಿಸಿದರೆ ವಿದ್ಯಾಭ್ಯಾಸದ ಕಾರ್ಯವೇ ಕೆಟ್ಟೀತೆಂದು ಹೇಳಿ ಅವನ ಕೈಬಿಟ್ಟಿತು. ೧೮೫೮ರಲ್ಲಿ ಇಂಗ್ಲೆಂಡಿನಲ್ಲಿದ್ದ ಕಂಪೆನಿಯ ಡೈರೆಕ್ಟರರು ಸರಕಾರೀ ಶಾಲೆಗಳು ಎಲ್ಲಾ ವರ್ಗದವರಿಗೂ ತೆರೆದಿರತಕ್ಕವೆಂದು ತಿಳಿಸಿದರು. ಆದರೂ ಕಾಗದದ ಮೇಲಣ ಆ ಮಾತು ಜಗಲಿಯ ಹೊರಗೆ ನಿಂತ ಮಕ್ಕಳನ್ನು ಒಳಗೆ ಕರೆತರಲು ಬಹು ವರುಷಗಳು ಹಿಡಿದವು.

ದಯೆಗೂ ಹಕ್ಕಿಗೂ ಇರುವ ಭೇದವು ಇಲ್ಲಿ ತಿಳಿದುಬರುತ್ತದೆ. ದಯೆಯು ಜನರ ಮುಖ ನೋಡಿ ಹಿಂದೆಗೆಯಬಹುದು, ಹಕ್ಕು ಹಾಗಲ್ಲ. ೧೯೫೦ನೇ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನವು ೧೭ನೇ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಸರಕಾರದ ಶಾಲೆಯಲ್ಲಾಗಲಿ ಸರಕಾರದ ಹಣ ಪಡೆಯುವ ಶಾಲೆಯಲ್ಲಾಗಲಿ ಮತ, ಕುಲ, ಜಾತಿ, ಭಾಷೆಗಳ ಕಾರಣದಿಂದ ಮಾತ್ರವೇ ಯಾರಿಗೂ ಪ್ರವೇಶವನ್ನು ನಿರಾಕರಿಸಕೂಡದೆಂದು ೨೯ನೇ ವಿಧಿಯು ಹೇಳುತ್ತದೆ. ಶಿಕ್ಷಣದ ಹಕ್ಕನ್ನು ಕುರಿತ ೨೦೦೯ರ ಕಾಯಿದೆಯು ೨೦೧೦ನೇ ಏಪ್ರಿಲ್ ೧ರಿಂದ ನಡೆಯುತ್ತಾ ಇದೆ. ಇದರ ಮೇರೆಗೆ ೬ರಿಂದ ೧೪ ವರುಷದ ಮಕ್ಕಳಿಗೆ ಉಚಿತ ಶಿಕ್ಷಣವು ಹಕ್ಕಾಗಿದೆ. ವಯಸ್ಸಿನ ಪತ್ರವಿಲ್ಲವೆಂಬ ನೆವದಿಂದ ಮಗುವನ್ನು ಹಿಂದಕ್ಕೆ ಕಳುಹಿಸಕೂಡದು. ಸುಗ್ಗಿಯ ಕೆಲಸಕ್ಕೆಂದು ಊರು ಬಿಟ್ಟು ಹೋಗುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಹಿಂದಿನ ಶಾಲೆಯ ವರ್ಗಾವಣೆ ಪತ್ರ ತಡವಾಯಿತೆಂದು ಹೊಸ ಸರಕಾರೀ ಶಾಲೆಯವರು ಪ್ರವೇಶವನ್ನು ತಡೆಯಕೂಡದು.

೨. ಮಗುವಿನ ಮನಸ್ಸಾಕ್ಷಿ

೧೯೮೫ನೇ ಜುಲಾಯಿಯಲ್ಲಿ ಕೇರಳದ ಒಂದು ಹೈಸ್ಕೂಲಿನಿಂದ ಒಂದೇ ಮನೆಯ ಮೂವರು ಮಕ್ಕಳು ಹೊರಗೆ ಹಾಕಲ್ಪಟ್ಟರು. ಇವರು ಯೆಹೋವನ ಸಾಕ್ಷಿಗಳೆಂಬ ಪಂಥದವರು. ರಾಷ್ಟ್ರಗೀತೆಯ ಸಮಯದಲ್ಲಿ ಎಲ್ಲರೊಂದಿಗೆ ಮರ್ಯಾದೆಯಿಂದ ಎದ್ದು ನಿಲ್ಲುತ್ತಿದ್ದರು. ಆದರೆ ತಮ್ಮ ನಂಬಿಕೆಯ ನಿಮಿತ್ತ ಹಾಡುತ್ತಿರಲಿಲ್ಲ. ಅವರ ನಡತೆಯಲ್ಲಿ ಅಗೌರವವೇನೂ ಇಲ್ಲವೆಂದು ವಿಚಾರಣೆಯಲ್ಲಿ ಕಂಡುಬಂದರೂ ಶಾಲೆಯ ಬಾಗಲು ಮುಚ್ಚಿತು. ಕೇರಳದ ಹೈಕೋರ್ಟಿನಲ್ಲಿಯೂ ಅವರ ಅರ್ಜಿ ಬಿದ್ದುಹೋಯಿತು. ಕಡೆಗೆ ೧೯೮೬ನೇ ಆಗಸ್ಟ್ ೧೧ರಂದು ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದ ಓ. ಚಿನ್ನಪ್ಪ ರೆಡ್ಡಿಯವರು ತೀರ್ಪು ಹೇಳಿದರು. ಹಾಡಲೇಬೇಕೆಂದು ಬಲಾತ್ಕರಿಸುವ ಯಾವ ಕಾನೂನೂ ಇಲ್ಲ. ಮರ್ಯಾದೆಯಿಂದ ನಿಂತವನು ಅವಮರ್ಯಾದೆ ಮಾಡಿದವನಲ್ಲ. ಮಾತಾಡುವ ಸ್ವಾತಂತ್ರ್ಯದೊಳಗೆ ಮೌನವಾಗಿರುವ ಸ್ವಾತಂತ್ರ್ಯವೂ ಸೇರಿದೆ ಎಂಬದೇ ಅದರ ಸಾರಾಂಶ. ಮಕ್ಕಳನ್ನು ತಿರುಗಿ ಸೇರಿಸಿಕೊಳ್ಳಬೇಕೆಂದು ಅಪ್ಪಣೆಯಾಯಿತು.

ಆ ಪಂಥದವರ ಬೋಧನೆಗೂ ನಮ್ಮ ಸಭೆಯ ಬೋಧನೆಗೂ ಬಹಳ ಅಂತರವುಂಟು. ಆದರೂ ಅವರಿಗೆ ದೊರೆತ ನ್ಯಾಯದಲ್ಲಿ ನಮ್ಮ ಮಕ್ಕಳಿಗೂ ಪಾಲುಂಟು. ಧಾರವಾಡದಲ್ಲಿ ಅನೇಕರ ಭಯದಿಂದ ಒಬ್ಬನ ನ್ಯಾಯವು ಬಿದ್ದಿತು. ಇಲ್ಲಿ ಮೂವರೇ ಆದರೂ ಅವರ ನ್ಯಾಯವು ನಿಂತಿತು. ಇದನ್ನೂ ಗಮನಿಸಿರಿ: ಆ ಮಕ್ಕಳು ಗದ್ದಲ ಮಾಡಲಿಲ್ಲ, ಇತರರ ಹಾಡನ್ನು ತಡೆಯಲಿಲ್ಲ. ಹಕ್ಕೆಂಬದು ಉದ್ಧಟತನಕ್ಕೆ ಕೊಟ್ಟ ಅಪ್ಪಣೆಯಲ್ಲ.

೩. ಬೆತ್ತ

ಪೆಟ್ಟಿಲ್ಲದೆ ವಿದ್ಯೆ ಬಾರದೆಂಬ ಎಣಿಕೆಯು ನಮ್ಮಲ್ಲಿ ಆಳವಾಗಿ ಬೇರೂರಿದೆ. ಆದರೆ ೨೦೦೯ರ ಕಾಯಿದೆಯ ೧೭ನೇ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮೀರಿದ ಉಪಾಧ್ಯಾಯರ ಮೇಲೆ ಶಿಸ್ತಿನ ಕ್ರಮವುಂಟು. ಜಾತಿಯ ಹೆಸರೆತ್ತಿ ಜರೆಯುವದೂ ಎಲ್ಲರ ಮುಂದೆ ನಾಚಿಕೆಪಡಿಸುವದೂ ಬೆತ್ತದಷ್ಟೇ ಗಾಯಮಾಡುತ್ತವೆ. ಏಟಿಗೆ ಹೆದರಿ ಶಾಲೆ ಬಿಟ್ಟ ಹುಡುಗನು ದನಕಾಯಲು ಹೋದರೆ, ಅವನ ಸೋಮಾರಿತನವನ್ನು ದೂರುವ ಮೊದಲು ಅವನ ಭಯದ ಕಾರಣವನ್ನು ಕೇಳಬೇಕು.

೪. ನಮ್ಮ ಸ್ವಂತ ಶಾಲೆಗಳು

ಇನ್ನು ನಮ್ಮ ಕಡೆಗೂ ತಿರುಗಿ ನೋಡೋಣ. ಸರಕಾರದ ಮನ್ನಣೆಯನ್ನಾಗಲಿ ಹಣವನ್ನಾಗಲಿ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಚಿಕ್ಕವರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಮತಬೋಧನೆಗೆ ಕುಳ್ಳಿರಿಸಕೂಡದೆಂದು ಸಂವಿಧಾನದ ೨೮ನೇ ವಿಧಿಯು ಹೇಳುತ್ತದೆ. ಬೇರೆಯವರ ಶಾಲೆಯಲ್ಲಿ ನಮ್ಮ ಮಗುವನ್ನು ಕಾಯುವ ಈ ವಿಧಿಯು ನಮ್ಮ ಶಾಲೆಯಲ್ಲಿ ನೆರೆಯವರ ಮಗುವನ್ನೂ ಕಾಯುತ್ತದೆ. ಹಾಗೆಯೇ ೨೦೦೯ರ ಕಾಯಿದೆಯು ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟು ೨೦೧೪ರಲ್ಲಿ ತೀರ್ಮಾನಿಸಿತು. ಅದು ಬೆತ್ತ ಹಿಡಿಯುವದಕ್ಕೆ ದೊರೆತ ರಜೆಯೆಂದು ನಮ್ಮ ಉಪಾಧ್ಯಾಯರು ತಿಳಿಯದಿರಲಿ. ಕಾಯಿದೆಯು ಕಟ್ಟದಿರುವಲ್ಲಿ ಪ್ರೀತಿಯು ಕಟ್ಟಬೇಕು. ಇಲ್ಲವಾದರೆ ನಮ್ಮ ಶಾಲೆಯ ಹೆಸರಿಗೆ ಬೆಲೆಯೇನು?

೫. ಕೇಳತಕ್ಕ ರೀತಿ

ಅನ್ಯಾಯ ಕಂಡಲ್ಲಿ ಕೂಗಾಡಬೇಡಿರಿ, ಸುಮ್ಮನೆಯೂ ಇರಬೇಡಿರಿ. ಮೊದಲು ಮುಖ್ಯೋಪಾಧ್ಯಾಯರ ಸಂಗಡ ಶಾಂತವಾಗಿ ಮಾತಾಡಿರಿ. ಕಾಯಿದೆಯ ಪ್ರಕಾರ ಸರಕಾರೀ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೂ ಅರ್ಧದಷ್ಟು ಸ್ತ್ರೀಯರೂ ಇರತಕ್ಕದ್ದು. ಆ ಸ್ಥಾನಗಳನ್ನು ಬಿಟ್ಟುಕೊಡಬೇಡಿರಿ. ಆಗಲೂ ಸರಿಹೋಗದಿದ್ದರೆ ಸ್ಥಳೀಯ ಅಧಿಕಾರಿಗಳಿಗೆ ಬರವಣಿಗೆಯಲ್ಲಿ ದೂರು ಕೊಡಬಹುದು. ಅವರು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಬರೆಯಲು ತಿಳಿಯದವರಿಗೆ ಸಭೆಯಲ್ಲಿ ಓದುಬಲ್ಲವರು ಬರೆದುಕೊಡಲಿ. ಧಾರವಾಡದ ಆ ಹುಡುಗನಿಗೋಸ್ಕರವೂ ಒಂದು ಅರ್ಜಿ ಬರೆಯಲ್ಪಟ್ಟಿತು. ಅಂದು ಅದು ಸೋತಿತು. ಆದರೆ ಅದು ಬರೆಯಲ್ಪಡದಿದ್ದರೆ ಎರಡು ವರುಷಗಳ ತರುವಾಯ ಡೈರೆಕ್ಟರರು ಉತ್ತರ ಕೊಡುವ ಸಂದರ್ಭವೇ ಬರುತ್ತಿರಲಿಲ್ಲ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

(೧) ನಮ್ಮ ಗ್ರಾಮದಲ್ಲಿ ಶಾಲೆ ಬಿಟ್ಟ ಮಕ್ಕಳು ಎಷ್ಟು ಮಂದಿ? ಪ್ರತಿಯೊಬ್ಬರ ಕಾರಣವೇನು?
(೨) ಶಾಲಾ ಸಮಿತಿಯಲ್ಲಿ ನಮ್ಮ ಕೇರಿಯ ತಾಯಂದಿರು ಇದ್ದಾರೋ?
(೩) ನಮ್ಮ ಮಕ್ಕಳಿಗೆ ಬೇಕೆನ್ನುವ ಸ್ವಾತಂತ್ರ್ಯವನ್ನು ನೆರೆಯವರ ಮಕ್ಕಳಿಗೆ ಕೊಡಲು ನಾವು ಸಿದ್ಧರೋ?