ಗಣಕಶಾಸ್ತ್ರದ ಪಾಠ: ಹನ್ನೊಂದನೆಯ ತರಗತಿಗೆ ಸೇರುವ ಮುನ್ನ

ಎಸ್.ಎಸ್.ಸಿ. ಫಲಿತಾಂಶ ಹೊರಬಿದ್ದ ದಿನಗಳಲ್ಲಿ ನಮ್ಮ ವಾಚನಾಲಯದ ಮೇಜಿನ ಸುತ್ತ ಕೇಳಿಬರುವ ಪ್ರಶ್ನೆ ಒಂದೇ: “ಹುಡುಗನಿಗೆ ಕಂಪ್ಯೂಟರ್ ಕೊಡಿಸೋಣವೇ?” ಯಂತ್ರ ಕೊಡಿಸುವ ಮಾತಲ್ಲ, ಜೂನಿಯರ್ ಕಾಲೇಜಿನಲ್ಲಿ ಆ ವಿಷಯವನ್ನು ಕೊಡಿಸುವ ಮಾತು. ಹೋಟೆಲಿನಲ್ಲಿ ದುಡಿಯುವವರೂ ಕಚೇರಿಯ ಗುಮಾಸ್ತರೂ ಸಾಲ ಮಾಡಿಯಾದರೂ ಮಕ್ಕಳನ್ನು ಓದಿಸಲು ಸಿದ್ಧರಿರುವುದರಿಂದ, ಈ ವಿಷಯದ ಒಳಹೊರಗನ್ನು ತುಸು ವಿಚಾರಿಸುವುದು ಯುಕ್ತವೆಂದು ತೋರಿತು.

ಗಣಕಯಂತ್ರ ನಮ್ಮ ಮುಂಬಯಿಗೆ ನಿನ್ನೆ ಮೊನ್ನೆ ಬಂದುದಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಇಲ್ಲಿಯೇ ಕಟ್ಟಿದ ಯಂತ್ರ ೧೯೬೦ರಲ್ಲಿ ಕೆಲಸ ಆರಂಭಿಸಿತು. ೧೯೬೨ರಲ್ಲಿ ಅದಕ್ಕೆ ಟಿಫ್ರಾಕ್ ಎಂದು ಹೆಸರಾಯಿತು. ಶಾಲೆಗಳಿಗೆ ಈ ವಿದ್ಯೆ ಬರಲು ಮಾತ್ರ ತಡವಾಯಿತು. ೧೯೮೪ರಲ್ಲಿ ಕೇಂದ್ರ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ. ಮೈಕ್ರೋ ಯಂತ್ರಗಳನ್ನು ಆಯ್ದ ಪ್ರೌಢಶಾಲೆಗಳಿಗೆ ಹಂಚಿತು.

ಮಹಾರಾಷ್ಟ್ರ ಮಂಡಳಿಯಲ್ಲಿ ಇದುವರೆಗೆ ನಡೆದುಬಂದ ಪದ್ಧತಿ ಹೀಗಿದೆ. ವಿಜ್ಞಾನ ಶಾಖೆಯಲ್ಲಿ ಗಣಕಶಾಸ್ತ್ರವು ‘ಬೈಫೋಕಲ್’ ವಿಷಯ. ಎರಡು ಪತ್ರಿಕೆಗಳು, ಒಟ್ಟು ೨೦೦ ಅಂಕ. ಪ್ರತಿಯೊಂದರಲ್ಲೂ ಅರ್ಧ ಬರವಣಿಗೆಗೆ, ಅರ್ಧ ಪ್ರಯೋಗಕ್ಕೆ. ಈ ೨೦೦ ಅಂಕಗಳಿಗೆ ಸ್ಥಳವೆಲ್ಲಿಂದ ಎಂದರೆ, ದ್ವಿತೀಯ ಭಾಷೆಯನ್ನೂ ಇನ್ನೊಂದು ಐಚ್ಛಿಕ ವಿಷಯವನ್ನೂ ಬಿಡಬೇಕು. ಸಾಮಾನ್ಯವಾಗಿ ಬಿಡುವುದು ಜೀವಶಾಸ್ತ್ರವನ್ನು. ಬಿಟ್ಟ ಮೇಲೆ ವೈದ್ಯಕೀಯದ ಬಾಗಿಲು ಮುಚ್ಚಿತೆಂದೇ ತಿಳಿಯಬೇಕು. ಗಣಿತವನ್ನು ಬಿಟ್ಟರೆ ಇಂಜಿನಿಯರಿಂಗಿನದು ಮುಚ್ಚುತ್ತದೆ. ‘ಎರಡೂ ಇರಲಿ, ಆಮೇಲೆ ನೋಡೋಣ’ ಎನ್ನುವ ಮನೆಯವರಿಗೆ ಈ ವಿಷಯ ಸಲ್ಲದು.

ಇನ್ನು ಪಾಠದೊಳಗೆ ಏನಿದೆ? ಸಿ ಪ್ಲಸ್ ಪ್ಲಸ್ ಎಂಬ ಭಾಷೆಯಲ್ಲಿ ಕ್ರಮವಿಧಿ ಬರೆಯುವುದು, ಮಾಹಿತಿಯನ್ನು ಜೋಡಿಸಿಡುವ ಬಗೆಗಳು, ಯಂತ್ರಗಳನ್ನು ಒಂದಕ್ಕೊಂದು ಬೆಸೆಯುವ ರೀತಿ, ಹಾಗೂ ೮೦೮೫ ಎಂಬ ಪುಟ್ಟ ಮೈಕ್ರೋಪ್ರೊಸೆಸರು. ಈ ೮೦೮೫ನ್ನು ಇಂಟೆಲ್ ಕಂಪನಿ ಹೊರತಂದದ್ದು ೧೯೭೬ರಲ್ಲಿ. ಇಷ್ಟು ಹಳೆಯದೇಕೆ ಎಂದು ಮೂಗು ಮುರಿಯುವವರುಂಟು. ಗಡಿಯಾರ ರಿಪೇರಿ ಕಲಿಯುವವನು ಕೀಲಿಕೊಡುವ ಗಡಿಯಾರವನ್ನೇ ಮೊದಲು ಬಿಚ್ಚುವುದಿಲ್ಲವೇ?

ಹೆಸರುಗಳಿಗೆ ಹೆದರಬೇಕಾಗಿಲ್ಲ. ಮುಲುಂಡ್ ಸ್ಟೇಷನ್ನಿನ ಟಿಕೇಟು ಕಿಟಕಿಯ ಮುಂದೆ ಮೊದಲು ನಿಂತವನಿಗೆ ಮೊದಲು ಟಿಕೇಟು, ಇದೇ ‘ಕ್ಯೂ’. ಹೋಟೆಲಿನಲ್ಲಿ ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಕಡೆಯಲ್ಲಿ ಇಟ್ಟದ್ದೇ ಮೊದಲು ಕೈಗೆ ಬರುತ್ತದೆ, ಇದು ‘ಸ್ಟ್ಯಾಕ್’. ನಮ್ಮ ವಾಚಕರಲ್ಲಿ ಅನೇಕರು ಇವನ್ನು ದಿನವೂ ಮಾಡುತ್ತಲೇ ಇದ್ದಾರೆ.

ಹುಡುಕಾಟದ ಪಾಠವೊಂದನ್ನು ಮನೆಯಲ್ಲೇ ಮಾಡಿ ನೋಡಿ. ಅಕಾರಾದಿಯಾಗಿ ಬರೆದ ೧೦೦೦ ಹೆಸರುಗಳ ರಿಜಿಸ್ಟರು ಇದೆಯೆನ್ನಿ. ಮೊದಲಿನಿಂದ ಒಂದೊಂದಾಗಿ ನೋಡಿದರೆ, ಬೇಕಾದ ಹೆಸರು ಕಡೆಯಲ್ಲಿದ್ದಾಗ ೧೦೦೦ ಸಲ ನೋಡಬೇಕು. ಬದಲಾಗಿ ನಡುವಿನ ಹೆಸರನ್ನು ನೋಡಿ. ನಮ್ಮ ಹೆಸರು ಅದಕ್ಕಿಂತ ಮುಂಚೆ ಬರುವುದಾದರೆ ಕೆಳಗಿನ ಅರ್ಧವನ್ನು ಮರೆತುಬಿಡಿ; ಉಳಿದುದರ ನಡುವನ್ನು ಮತ್ತೆ ನೋಡಿ. ಹೀಗೆ ಅರ್ಧರ್ಧ ಬಿಡುತ್ತ ಹೋದರೆ ಹೆಚ್ಚೆಂದರೆ ೧೦ ಸಲದಲ್ಲಿ ಹೆಸರು ಸಿಗುತ್ತದೆ, ಇಲ್ಲವೇ ಇಲ್ಲವೆಂದು ತಿಳಿಯುತ್ತದೆ. ಹತ್ತು ಲಕ್ಷ ಹೆಸರುಗಳಿದ್ದರೂ ೨೦ ಸಲ ಸಾಕು! ಆದರೆ ರಿಜಿಸ್ಟರು ಅಕಾರಾದಿಯಲ್ಲಿ ಇಲ್ಲದಿದ್ದರೆ ಈ ಉಪಾಯ ನಡೆಯದು. ಜೋಡಿಸುವ ಶ್ರಮಕ್ಕೂ ಹುಡುಕುವ ಸುಖಕ್ಕೂ ಇರುವ ಈ ಲೆಕ್ಕಾಚಾರದಲ್ಲಿ ಯಾವ ಹುಡುಗಿಗೆ ಅಥವಾ ಹುಡುಗನಿಗೆ ರುಚಿ ಹುಟ್ಟುವುದೋ ಅವರಿಗೆ ಈ ವಿಷಯ ಒಗ್ಗುತ್ತದೆ. ಮೊಬೈಲಿನಲ್ಲಿ ಬೆರಳಾಡಿಸುವ ಚುರುಕನ್ನು ಕಂಡು ನಿರ್ಧರಿಸುವುದು ಸರಿಯಲ್ಲ.

ಒಂದು ತಪ್ಪು ತಿಳುವಳಿಕೆ ಮಾತ್ರ ಬಲವಾಗಿ ಬೇರೂರಿದೆ. ಹನ್ನೆರಡನೆಯಲ್ಲಿ ಈ ವಿಷಯ ಇಲ್ಲದಿದ್ದರೆ ಮುಂದೆ ಕಂಪ್ಯೂಟರ್ ಇಂಜಿನಿಯರಿಂಗ್ ಸಿಗದೆಂದು ಹಲವರು ನಂಬಿದ್ದಾರೆ. ಹಾಗೇನಿಲ್ಲ. ರಾಜ್ಯದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಲ್ಲಿ ಕೇಳುವುದು ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ; ಪಕ್ಕದ ಪೊವಾಯಿಯ ಐ.ಐ.ಟಿ.ಗೂ ಅಷ್ಟೆ. ಆದುದರಿಂದ ಬೈಫೋಕಲ್ ಸೀಟು ಕೈತಪ್ಪಿತೆಂದು ಮನೆಯಲ್ಲಿ ಸೂತಕ ಆಚರಿಸಬೇಕಾಗಿಲ್ಲ. ಹೆಚ್ಚಿನ ಶುಲ್ಕಕ್ಕಾಗಿ ಬಡ್ಡಿಸಾಲಕ್ಕೆ ಕೈಯೊಡ್ಡಬೇಕಾಗಿಯೂ ಇಲ್ಲ. ವಾಣಿಜ್ಯ, ಕಲಾ ಶಾಖೆಯವರಿಗೂ ಮಾಹಿತಿ ತಂತ್ರಜ್ಞಾನವೆಂಬ ೧೦೦ ಅಂಕಗಳ ವಿಷಯವಿದೆ. ಗುಮಾಸ್ತಗಿರಿಯತ್ತ ನೋಡುವ ಮಕ್ಕಳಿಗೆ ಅದೇ ಹೆಚ್ಚು ಉಪಯೋಗವೆಂದು ನಮ್ಮ ಎಣಿಕೆ.

ನಮಗೆ ಕಸಿವಿಸಿಯಾಗುವುದು ಭಾಷೆಯ ವಿಚಾರದಲ್ಲಿ. ಮಂಡಳಿಯ ಪರೀಕ್ಷೆಗೆ ಕನ್ನಡವನ್ನೂ ಭಾಷೆಯಾಗಿ ತೆಗೆದುಕೊಳ್ಳಬಹುದು. ಬೈಫೋಕಲ್ ಸೇರಿದ ಮಗುವಿಗೆ ಉಳಿಯುವ ಭಾಷೆ ಇಂಗ್ಲಿಷ್ ಒಂದೇ. ಅನ್ನದ ದಾರಿಯನ್ನು ಬಿಡಿರೆಂದು ನಾವು ಹೇಳಲಾರೆವು. ಅಂಥ ಮಕ್ಕಳನ್ನು ಭಾನುವಾರ ಒಂದು ಗಂಟೆ ಇಲ್ಲಿಗೆ ಕಳುಹಿಸಿದರೆ ಕನ್ನಡ ಪತ್ರಿಕೆ, ಪುಸ್ತಕ ಓದಿಸಲು ಹಿರಿಯರು ಇದ್ದಾರೆ.

ಹೊಸ ಶಿಕ್ಷಣ ನೀತಿಯಿಂದಾಗಿ ಪಾಠಕ್ರಮಗಳು ಬದಲಾಗುತ್ತಿರುವ ಕಾಲವಿದು. ಅರ್ಜಿ ತುಂಬುವ ಮೊದಲು ಆಯಾ ಕಾಲೇಜಿನ ಈ ವರ್ಷದ ಪ್ರಾಸ್ಪೆಕ್ಟಸ್ ನೋಡಿ, ಯಾವ ವಿಷಯ ಬಿಡಬೇಕು, ಶುಲ್ಕವೆಷ್ಟು, ಪ್ರಯೋಗಶಾಲೆಯಲ್ಲಿ ಒಂದು ಯಂತ್ರಕ್ಕೆ ಎಷ್ಟು ಮಂದಿ ಎಂದು ಕೇಳಿ ಬರೆದುಕೊಳ್ಳಿ. ಇಂಗ್ಲಿಷ್ ಅರ್ಜಿ ತೊಡಕೆನಿಸಿದರೆ ಸಂಜೆ ವಾಚನಾಲಯಕ್ಕೆ ತನ್ನಿ, ಕೂತು ತುಂಬೋಣ.