ಹೊಳೆಯ ಹೊನ್ನು, ಬಂಡೆಯ ಹೊನ್ನು

ಕಮಲಾಪುರದ ಕೆಂಪು ಮಣ್ಣಿನಲ್ಲಿ ಬಂಗಾರವು ಸಿಕ್ಕೀತೇ ಎಂದು ನಮ್ಮ ಬಾಲಿಕೆಯರು ಭೂಗೋಳದ ಪಾಠದಲ್ಲಿ ಕೇಳುವದುಂಟು. ಆ ಮಣ್ಣಿನಲ್ಲಿ ಹೆಸರುವಾಸಿಯಾದ ಕೆಂಬಾಳೆಯು ಬೆಳೆಯುವದೇ ಹೊರತು ಬಂಗಾರವು ದೊರೆಯದು. ಕಲಬುರಗಿಯ ಸುತ್ತಲಿನ ನೆಲವು ಬಹುಮಟ್ಟಿಗೆ ಕರಿಕಲ್ಲು, ಸುಣ್ಣಕಲ್ಲುಗಳಿಂದಾದದ್ದು. ನಮ್ಮ ದಕ್ಷಿಣಕ್ಕೆ ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಯಲ್ಲಿ ಇವುಗಳಿಗಿಂತ ಪುರಾತನವಾದ ಧಾರವಾಡ ಶಿಲೆಗಳೆಂಬವು ಉಂಟು. ಅವುಗಳ ಬಿರುಕುಗಳನ್ನು ತುಂಬಿರುವ ಬೆಣಚುಕಲ್ಲಿನ ಎಳೆಗಳಲ್ಲಿ ಬಂಗಾರವು ಅಡಗಿರುವದು.

ಮಳೆ ಬಿಸಿಲುಗಳಿಂದ ಬಂಡೆಯು ಸವೆದಾಗ ಹೊನ್ನಿನ ಕಣಗಳು ಹಳ್ಳಕ್ಕೆ ಇಳಿಯುವವು. ಬಂಗಾರವು ನೀರಿಗಿಂತ 19 ಪಟ್ಟು ಭಾರವಾದದ್ದು. ಮರಳಾದರೋ ಮೂರು ಪಟ್ಟು ಸಹ ಇಲ್ಲ. ಆದಕಾರಣ ಪ್ರವಾಹವು ಮರಳನ್ನು ಮುಂದಕ್ಕೆ ಒಯ್ದರೂ ಹೊನ್ನು ಹಳ್ಳದ ತಿರುವುಗಳಲ್ಲಿಯೂ ಕಲ್ಲಿನ ಸಂದುಗಳಲ್ಲಿಯೂ ನಿಂತುಬಿಡುವದು. ಗದಗಿನ ಬಳಿಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರೆಂಬವರು ಹಿಂದೆ ಈ ಮರಳನ್ನು ಮರಿಗೆಯಲ್ಲಿ ತೊಳೆಯುತ್ತಿದ್ದರು. ಹಗುರವಾದದ್ದು ನೀರಿನೊಡನೆ ಹರಿದುಹೋಗುವದು. ತಳದಲ್ಲಿ ಕರಿಮರಳೂ ಅದರ ನಡುವೆ ಹೊನ್ನಿನ ಕಣಗಳೂ ಉಳಿಯುವವು.

ಹೀಗೆ ಹಳ್ಳದ ಹೊನ್ನಿನ ಜಾಡು ಹಿಡಿದು ಮೇಲಕ್ಕೆ ಹೋದವರು ಬಂಡೆಯ ಹೊನ್ನನ್ನು ಕಾಣಬಲ್ಲರು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ನಮ್ಮ ಪೂರ್ವಿಕರು ಬೆಂಕಿಯಿಂದ ಬಂಡೆಯನ್ನು ಕಾಯಿಸಿ, ಒಡೆದು, 600 ಅಡಿಗಳಷ್ಟು ಕೆಳಕ್ಕೆ ಇಳಿದಿದ್ದರು. ಆ ಹಳೆಯ ಗಣಿಯೊಳಗೆ ದೊರೆತ ಕಟ್ಟಿಗೆಯು ಸುಮಾರು 1900 ವರ್ಷಗಳ ಹಿಂದಿನದೆಂದು ಶಾಸ್ತ್ರಜ್ಞರು ನಿರ್ಣಯಿಸಿರುವರು. ಯಂತ್ರವಿಲ್ಲದ, ಸಿಡಿಮದ್ದಿಲ್ಲದ ಕಾಲದಲ್ಲಿ ಅದೆಂಥ ಸಾಹಸ!

1915ರಲ್ಲಿ ಚಿನ್ನದ ಗಣಿಗಳ ಇಂಜಿನಿಯರಾದ ಬೀಡನ್ ಎಂಬವರು ಅದೇ ಸೀಮೆಯ ಮಸ್ಕಿಯಲ್ಲಿ ಒಂದು ಶಿಲಾಶಾಸನವನ್ನು ಕಂಡರು. ಶಾಸನಗಳ ದೇವಾನಾಂಪ್ರಿಯನು ಅಶೋಕನೇ ಎಂಬದು ಅದರಿಂದ ಸ್ಥಿರವಾಯಿತು. ಬಂಡೆಯ ಮೇಲೆ ಅರಸನ ಹೆಸರು ಉಳಿಯಿತು. ಬಂಡೆಯೊಳಕ್ಕೆ ಇಳಿದವರಲ್ಲಿ ಒಬ್ಬರ ಹೆಸರಾದರೂ ಉಳಿಯಲಿಲ್ಲ.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಹಟ್ಟಿಯಲ್ಲಿ ಇಂದಿಗೂ ಕೆಲಸ ನಡೆದಿರುವದು. ಅಲ್ಲಿ ಒಂದು ಟನ್ನು ಕಲ್ಲನ್ನು ಅರೆದರೆ ದೊರೆಯುವದು ಕೆಲವೇ ಗ್ರಾಮು ಬಂಗಾರ. ಗಣಿಯ ಕಲ್ಲುಧೂಳು ಕೆಲಸಗಾರರ ಶ್ವಾಸಕೋಶವನ್ನು ಕೆಡಿಸುವದೂ ಉಂಟು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಕಿವಿಯ ಓಲೆಯನ್ನು ನೋಡುವಾಗ ಈ ಶ್ರಮವನ್ನು ನೆನೆಯಿರಿ. ಪೋಷಕರಲ್ಲಿಯೂ ಒಂದು ವಿಜ್ಞಾಪನೆ: ಒಂದು ತೊಲೆ ಹೆಚ್ಚು ಕೂಡಿಸಬೇಕೆಂದು ಮಗಳ ಓದನ್ನು ಅರ್ಧಕ್ಕೆ ಬಿಡಿಸಬೇಡಿರಿ. ಮಣ್ಣನ್ನೂ ಕಲ್ಲನ್ನೂ ಓದಲು ಬಲ್ಲವರಿಗೇ ಹೊನ್ನು ಕಂಡಿತೆಂಬದನ್ನು ಮರೆಯಬಾರದು.